ಬಲೆಯಿಲ್ಲದ ಒಡ್ಡು

ಸೋಮವಾರ ಬೆಳಿಗ್ಗೆ ಆರೂಕಾಲಿಗೆ ಪರದೆಯ ಬಲತುದಿಯಲ್ಲಿ ಒಂದು ಬಿಳಿ ಗೆರೆ ಕಾಣಿಸಿತು. ಸಾಲ್ಮನ್ ಮೀನಾಗಿದ್ದರೆ ಎರಡೇ ಸೆಕೆಂಡಿನಲ್ಲಿ ಬಾಲ ಬೀಸಿ ಮೇಲಕ್ಕೆ ಸಾಗಿಬಿಡುತ್ತಿತ್ತು. ಇದು ಅಲ್ಲಾಡಲಿಲ್ಲ. ಏಳರ ಹೊತ್ತಿಗೆ ಅಂಥವು ಮೂರಾದವು, ಎಂಟಕ್ಕೆ ಆರು. ಧ್ರುವದ ಹತ್ತಿರದ ನಮ್ಮ ವೂರ್ಯೊಕಾ ನದಿಯ ಈ ದಡದಿಂದ ಆ ದಡಕ್ಕೆ ಶಬ್ದದ ಅಲೆ ಹಾಯಿಸಿ, ನೀರೊಳಗಿನ ಮೀನಿನ ನೆರಳು ತೋರಿಸುವ ಯಂತ್ರ ಅದು. ಜೂನ್‌ನಿಂದ ಆಗಸ್ಟ್‌ವರೆಗೆ ಆ ನೆರಳುಗಳನ್ನು ಎಣಿಸುವುದು ನನ್ನ ಕೆಲಸ. ಅಲ್ಲಾಡದ ನೆರಳು ಏನೆಂದು ತಿಳಿಯಲು ಯಂತ್ರವೇನೂ ಬೇಕಿರಲಿಲ್ಲ. ಗುಡಿಸಲಿನ ಬಾಗಿಲು ತೆರೆದರೆ ಎದುರು ದಡದಿಂದ ಕೊಡತಿಯ ಏಟು ಕೇಳುತ್ತಿತ್ತು.

ನನ್ನ ಸೋದರತ್ತೆ ರಾವ್ದ್ನಾ ನದಿಗೆ ಮೀನು ಹಿಡಿಯುವ ಒಡ್ಡು ಹಾಕುತ್ತಿದ್ದಳು.

ನಾನು ದೋಣಿ ಹತ್ತಿ ದಾಟಿದೆ. ಎಪ್ಪತ್ತೊಂದು ವರ್ಷದ ಅತ್ತೆ, ತೀರಿಹೋದ ಮಾವನ ರಬ್ಬರ್ ಷರಾಯಿಯನ್ನು ಎದೆಯವರೆಗೆ ಏರಿಸಿಕೊಂಡು, ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದಳು. ಮೂರು ಮೂರು ಕಂಬಗಳನ್ನು ತುದಿಯಲ್ಲಿ ಬಿಗಿದ ಆರು ಮುಕ್ಕಾಲಿಗಳು ದಡದಿಂದ ಓರೆಯಾಗಿ ಹೊಳೆಯೊಳಗೆ ಇಳಿದಿದ್ದವು. ನಡುವಿನ ಸಂದುಗಳಿಗೆ ಬರ್ಚ್ ಮರದ ಕೊಂಬೆಗಳನ್ನು ಹೆಣೆಯಲು ಆಗಲೇ ಶುರು ಮಾಡಿದ್ದಳು. ನನ್ನ ಅಜ್ಜ ಹಾಕುತ್ತಿದ್ದ ಅದೇ ಜಾಗ, ಅದೇ ಓರೆ.

"ಅತ್ತೆ, ಇದೇನು ಮಾಡ್ತಿದೀಯ?"

"ಕಣ್ಣಿಲ್ವಾ? ಇಷ್ಟು ಓದಿದೀಯ."

"ಬಲೆಗೆ ಈ ವರ್ಷವೂ ಅನುಮತಿ ಇಲ್ಲ. ಗೊತ್ತಲ್ವಾ?"

"ಬಲೆ ಎಲ್ಲಿದೆ ತೋರಿಸು ನೋಡೋಣ."

ನೋಡಿದೆ. ಒಡ್ಡಿನ ತುದಿಯಲ್ಲಿ ಬಲೆ ಕಟ್ಟಬೇಕಾದ ಬಾಗಿಲು ಖಾಲಿ ಇತ್ತು. ಅದರೊಳಗಿಂದ ನೀರು ಸುಮ್ಮನೆ ಹರಿದುಹೋಗುತ್ತಿತ್ತು.

"ಬಲೆ ಕೊಟ್ಟಿಗೆಯಲ್ಲಿದೆ. ಅಲ್ಲೇ ಇರುತ್ತೆ," ಎಂದು ಅತ್ತೆ ಕೊಡತಿಯನ್ನು ಹೆಗಲಿಗೇರಿಸಿದಳು. "ನೀನು ಬಂದಿದ್ದು ಒಳ್ಳೇದಾಯ್ತು. ಆ ಕೊಂಬೆ ಇತ್ತ ಕೊಡು."

ನಾನು ಕೊಡಲಿಲ್ಲ. ಎಣಿಕೆಯವಳು ಒಡ್ಡಿನ ಕೊಂಬೆ ಮುಟ್ಟುವಂತಿಲ್ಲ. ಅತ್ತೆ ಅದನ್ನು ತಾನೇ ಎಳೆದುಕೊಂಡಳು. ನನ್ನ ಕಡೆ ನೋಡಿದ ಆ ನೋಟ ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಅವಳು ಯಾಕೆ ಹೀಗೆ ಮಾಡುತ್ತಿದ್ದಾಳೆಂದು ಕಣಿವೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಒಡ್ಡು ಹಾಕುವ ಜಾಗದ ಹಕ್ಕು ಮನೆತನಕ್ಕೆ ಸೇರಿದ್ದು. ಆದರೆ ಸತತ ಐದು ಬೇಸಿಗೆ ಅಲ್ಲಿ ಒಡ್ಡು ಬಳಕೆಯಾಗದಿದ್ದರೆ ಹಕ್ಕು ರದ್ದಾಗಿ ಜಾಗ ಸಾರ್ವಜನಿಕ ಪಾಲಿಗೆ ಹೋಗುತ್ತದೆ. ಆ ಪಾಲು ಹೋಗುವುದು ಗಾಳದ ಪರವಾನಗಿಗಳಿಗೆ. ಮೀನು ಕಡಿಮೆಯಾಯಿತೆಂದು ನದಿಯನ್ನೇ ಮುಚ್ಚಿದ ನಾಲ್ಕು ಬೇಸಿಗೆಗಳನ್ನೂ ಈ ಲೆಕ್ಕಕ್ಕೆ ಸೇರಿಸಿದ್ದರು. ಮುಚ್ಚಿದ್ದು ನೀವೇ ಅಲ್ಲವೇ ಎಂದು ಅತ್ತೆ ಮೀನುಗಾರಿಕೆ ಕಚೇರಿಗೆ ಬರೆದು ಕೇಳಿದ್ದಳು. ಬಳಕೆಯಾಗದಿರಲು ಕಾರಣವೇನೆಂಬುದನ್ನು ನಿಯಮ ಪರಿಗಣಿಸುವುದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಇದು ಐದನೆಯ ಬೇಸಿಗೆ. ಈ ವರ್ಷ ನದಿ ತೆರೆದಿದ್ದರು, ಗಾಳಕ್ಕೆ ಮಾತ್ರ. ಗಾಳದವರು ನೂರ ನಲವತ್ತು ಮೀನು ಇಟ್ಟುಕೊಳ್ಳಬಹುದು, ಮಿಕ್ಕವನ್ನು ಹಿಡಿದ ಮೇಲೆ ಜೀವಂತವಾಗಿ ನೀರಿಗೆ ಬಿಡಬೇಕು. ಎಷ್ಟು ಬೇಕಾದರೂ ಹಿಡಿದು ಬಿಡಬಹುದು. ಒಡ್ಡಿಗೆ ಸೊನ್ನೆ.

ಆ ಹಂಚಿಕೆಯಲ್ಲಿ ನನ್ನದೊಂದು ತಪ್ಪು ಇತ್ತು. ಅದನ್ನು ಆವರೆಗೆ ಯಾರಿಗೂ ಹೇಳಿರಲಿಲ್ಲ.

ನದಿ ಮತ್ತೆ ತೆರೆದಾಗ ಯಾರಿಗೆ ಎಷ್ಟು ಎಂದು ಗೊತ್ತುಮಾಡಲು, ಎರಡು ವರ್ಷದ ಹಿಂದೆ ಹಂಚಿಕೆ ಸಮಿತಿಗೆ ಕೋಷ್ಟಕ ತಯಾರಿಸಿದವಳು ನಾನೇ. ಯಾವ ವಿಧಾನದಿಂದ ಎಷ್ಟು ಮೀನು ಸಾಯುತ್ತದೆ ಎಂಬ ಪಟ್ಟಿ ಅದು. 'ಗಾಳದಿಂದ ಹಿಡಿದು ಬಿಟ್ಟವುಗಳಲ್ಲಿ ಸಾಯುವವು' ಎಂಬ ಚೌಕವನ್ನು ಖಾಲಿ ಬಿಟ್ಟೆ. ನಮ್ಮ ನದಿಯಲ್ಲಿ ಯಾರೂ ಅದನ್ನು ಅಳೆದಿರಲಿಲ್ಲ, ಅಳೆಯದ್ದನ್ನು ಬರೆಯಬಾರದೆಂದು ನನಗೆ ಕಲಿಸಿದ್ದರು. ಸಮಿತಿಯ ಅಂತಿಮ ಪ್ರತಿ ಬಂದಾಗ ಆ ಚೌಕದಲ್ಲಿ ಸೊನ್ನೆ ಕೂತಿತ್ತು. ಖಾಲಿ ಚೌಕವಿದ್ದರೆ ಕೂಡಿಸುವಿಕೆ ಮುಂದೆ ಸಾಗುವುದಿಲ್ಲವೆಂದು ಯಾರೋ ತುಂಬಿದ್ದರು. ಸಾವೇ ಇಲ್ಲದ ವಿಧಾನಕ್ಕೆ ದೊಡ್ಡ ಪಾಲು ಸಿಕ್ಕಿತು. ಯಾರಾದರೂ ಸರಿಪಡಿಸುತ್ತಾರೆಂದು ನಾನು ಕಾದೆ. ಲೆಕ್ಕದ ಶಿಸ್ತಿನವರು ಮಾತ್ರ ಮಾಡುವ ತಪ್ಪು ಇದು: ಗೊತ್ತಿಲ್ಲದ್ದನ್ನು ಖಾಲಿ ಬಿಟ್ಟರೆ ಸಾಕು, ಓದುವವರಿಗೆ ಅರ್ಥವಾಗುತ್ತದೆ ಎಂದು ನಂಬುವುದು.

"ಅತ್ತೆ, ಈ ವರ್ಷ ಇವತ್ತಿನವರೆಗೆ ಬಂದಿರೋದು ಸಾವಿರದ ಒಂಬೈನೂರು ಮೀನು," ಎಂದೆ. "ಮೊಟ್ಟೆ ಇಡೋಕೆ ಒಂಬತ್ತು ಸಾವಿರ ಬೇಕು. ಬಲೆ ಕಟ್ಟೋ ಕಾಲ ಇದಲ್ಲ."

"ನಾನು ಮೀನು ಕೇಳಿದ್ನಾ?" ಅತ್ತೆ ನೀರಿನಿಂದ ಎದ್ದು ಬಂದು ದಡದ ಕಲ್ಲಿನ ಮೇಲೆ ಕೂತಳು. ಸೊಳ್ಳೆಗಳನ್ನು ಕತ್ತಿನಿಂದ ಒರೆಸಿ ಹಾಕಿದಳು. "ನಿನ್ನ ಸಾವಿರದ ಒಂಬೈನೂರನ್ನ ನಾನು ನಂಬ್ತೀನಿ ಕಣೇ. ನಂಬೋಳು ನಾನೊಬ್ಳೇ ಇರಬೇಕು ಈ ಕಣಿವೇಲಿ. ಆದ್ರೆ ಕೇಳು. ಹಿಡಿಯೋ ಹಕ್ಕಿರೋಳು ಹಿಡಿಯದೆ ಕೂತ್ರೆ ಅದು ನಾನು ಹೊಳೆಗೆ ಕೊಟ್ಟಿದ್ದು. ಹಕ್ಕೇ ಇಲ್ಲದೋಳು ಹಿಡಿಯದೆ ಕೂತ್ರೆ ಅದರಲ್ಲಿ ಕೊಟ್ಟಿದ್ದೇನು ಬಂತು? ಕೊಡೋದಾದ್ರೆ ನನ್ನ ಕೈಯಿಂದ ಕೊಡ್ತೀನಿ. ಕಿತ್ಕೊಂಡು ಹೋಗೋಕೆ ಬಿಡಲ್ಲ."

ಮಂಗಳವಾರ ಮಧ್ಯಾಹ್ನ ನದಿ ಕಾವಲಿನ ಅಧಿಕಾರಿ ಎಸ್ಕಿಲ್ ಬಂದ. ದಕ್ಷಿಣದ ಊರಿನವನು, ಇಲ್ಲಿಗೆ ಬಂದು ಮೂರು ವರ್ಷ. ದನಿ ಏರಿಸುವವನಲ್ಲ. ಅವನ ಜೊತೆಗೆ ಹೈಕಾ ಚಿಕ್ಕಪ್ಪನೂ ಇದ್ದ. ಹೈಕಾ ನನ್ನ ಅಪ್ಪನ ದೊಡ್ಡಪ್ಪನ ಮಗ. ಒಡ್ಡಿನ ಕೆಳಗಿನ ಮಡುವಿನಲ್ಲಿ ಗಾಳ ಹಾಕಲು ಬರುವ ಹೊರಗಿನವರಿಗೆ ಆರು ಕೋಣೆಗಳ ಅತಿಥಿಗೃಹ ನಡೆಸುತ್ತಿದ್ದ. ಹರೆಯದಲ್ಲಿ ಅವನೂ ಅತ್ತೆಯೂ ಒಟ್ಟಿಗೆ ಇದೇ ಒಡ್ಡು ಹಾಕುತ್ತಿದ್ದವರು. ಎಣಿಕೆಯವಳಾಗಿ ನಾನೂ ಹಾಜರಿರಬೇಕೆಂದು ಎಸ್ಕಿಲ್ ಕರೆದಿದ್ದ.

"ರಾವ್ದ್ನಾ ಅವರೇ, ಇದನ್ನ ತೆಗೀಬೇಕಾಗುತ್ತೆ," ಎಂದ ಎಸ್ಕಿಲ್.

"ಯಾಕಪ್ಪಾ?"

"ನದಿ ಬಲೆಗೆ ಮುಚ್ಚಿದೆ."

"ಬಲೆ ಇದ್ರೆ ತಗೊಂಡು ಹೋಗು."

ಅವನು ಬೂಟಿನಲ್ಲೇ ಇಳಿದು ಬಾಗಿಲಿನವರೆಗೂ ಹೋಗಿ ಇಣುಕಿ ಬಂದ. ಎರಡೂ ಬೂಟಿಗೆ ನೀರು ತುಂಬಿತ್ತು.

"ಇಲ್ಲ."

"ಹಾಗಾದ್ರೆ ನಾನು ಮೀನು ಹಿಡೀತಿಲ್ಲ. ಹಿಡೀತಿಲ್ಲ ಅಂದ್ಮೇಲೆ ತೆಗೆಯೋದ್ಯಾಕೆ? ಇಲ್ಲ, ಇದು ಮೀನು ಹಿಡಿಯೋದೇ ಅಂತೀಯೋ, ಕೇಸು ಬರಿ. ಜಾಗದ ಹೆಸರು, ತಾರೀಕು, ಈ ಬೇಸಿಗೆ ಇಲ್ಲಿ ಒಡ್ಡು ಬಳಕೆಯಲ್ಲಿತ್ತು ಅಂತ ಬರಿ. ಓದದೇನೇ ಸಹಿ ಹಾಕ್ತೀನಿ."

ಎಸ್ಕಿಲ್ ಜೇಬಿನಿಂದ ಪೆನ್ನು ತೆಗೆದಿದ್ದ. ಅದನ್ನು ಒಂದು ಕ್ಷಣ ನೋಡಿ ಮತ್ತೆ ಒಳಗಿಟ್ಟ. ಅರ್ಥವಾಗಿತ್ತು. ಕೇಸು ಬರೆದರೆ ಬಳಕೆಗೆ ಸರ್ಕಾರಿ ಸಾಕ್ಷಿ ಸಿಕ್ಕಂತೆ, ಜಾಗದ ಹಕ್ಕು ಉಳಿಯುತ್ತದೆ. ಬರೆಯದಿದ್ದರೆ ಒಡ್ಡು ನೀರಿನಲ್ಲಿ ಹಾಗೇ ಉಳಿಯುತ್ತದೆ.

"ಅಕ್ಕ, ಹುಡುಗಾಟ ಸಾಕು," ಎಂದ ಹೈಕಾ. "ನನ್ನ ಮಡುವಿನ ನೀರೆಲ್ಲ ಸುಳಿ ಸುತ್ತೋ ಹಾಗಾಗಿದೆ. ಆರು ಜನ ದುಡ್ಡು ಕಟ್ಟಿ ಬಂದಿದಾರೆ. ನಾಲ್ಕು ವರ್ಷ ಬಾಗಿಲು ಹಾಕಿ ಕೂತಿದ್ದೆ, ಬಲ್ಲೆಯಾ? ಗಾಳಕ್ಕೆ ಒಂದು ಮೀನು ಸಿಕ್ರೆ ಒಬ್ಬ ಮನುಷ್ಯ ಒಂದು ವಾರ ನನ್ನ ಮನೇಲಿ ಉಳೀತಾನೆ. ನಿನ್ನ ಬಲೆಗೆ ಒಂದು ಸಿಕ್ರೆ ಒಂದು ಹೊತ್ತಿನ ಊಟ."

"ಆ ಒಂದು ಹೊತ್ತಿನ ಊಟದ ಮಾತೇ ಕಣೋ ನಾನು ಆಡ್ತಿರೋದು. ನಿನ್ನ ಅತಿಥಿಗಳು ಅದರ ಬಾಯಿಗೆ ಮುಳ್ಳು ಹಾಕಿ, ಅರ್ಧ ಗಂಟೆ ಎಳೆದಾಡಿ, ತಬ್ಕೊಂಡು ಫೋಟೊ ತೆಗೆಸ್ಕೊಂಡು, ಹೋಗಿಬಾ ಅಂತಾರೆ. ಅದನ್ನ ನೋಡಿದ್ರೆ ನಮ್ಮಪ್ಪ ಏನಂತಿದ್ದ, ನೀನೇ ಹೇಳು."

ಹೈಕಾನಿಗೂ ಗೊತ್ತಿತ್ತು. ತಿನ್ನುವುದರ ಜೊತೆ ಆಟವಾಡಿದವರನ್ನು ಅಜ್ಜ ದೋಣಿಯಿಂದ ಇಳಿಸಿ ಮನೆವರೆಗೆ ನಡೆಸುತ್ತಿದ್ದ. ಒಮ್ಮೆ ಇಳಿದವನು ಹೈಕಾನೇ.

ಗುರುವಾರ ಬೆಳಿಗ್ಗೆ ಕಚೇರಿಯಿಂದ ನನಗೊಂದು ಪತ್ರ ಬಂತು. ಮೂರನೆಯ ದಾರಿಯೊಂದನ್ನು ಅವರು ಕಂಡುಕೊಂಡಿದ್ದರು. ಒಡ್ಡನ್ನು ಮೀನು ಹಿಡಿಯುವ ಸಾಧನವೆಂದು ಕರೆಯಬೇಕಿಲ್ಲ, ಮೀನಿನ ದಾರಿಗೆ ಅಡ್ಡಿ ಎಂದರೆ ಸಾಕು. ಅಡ್ಡಿಯನ್ನು ಕಸದಂತೆ ತೆಗೆಸಬಹುದು. ಕೇಸಿಲ್ಲ, ಬಳಕೆಯ ದಾಖಲೆಯಿಲ್ಲ, ಬೇಸಿಗೆ ಮುಗಿಯುವಾಗ ಹಕ್ಕೂ ಇಲ್ಲ. ಅದಕ್ಕೆ ಬೇಕಾಗಿದ್ದು ನಾಲ್ಕು ದಿನದ ಎಣಿಕೆ ಮಾತ್ರ. ಒಡ್ಡು ಹಾಕಿದ ಮೇಲೆ ಮೀನು ಕಡಿಮೆಯಾಗಿದೆಯೇ? ಸಂಜೆಯೊಳಗೆ ತಿಳಿಸಿ.

ಕಡಿಮೆಯಾಗಿತ್ತು. ಭಾನುವಾರ ತೊಂಬತ್ತಾರು, ಸೋಮವಾರ ಎಂಬತ್ತೆಂಟು, ಮಂಗಳವಾರ ನಲವತ್ತೊಂದು, ಬುಧವಾರ ಹನ್ನೆರಡು. ಈ ನಾಲ್ಕು ಅಂಕಿಗಳನ್ನು ಹಾಗೇ ಕಳಿಸಿದರೆ ಅತ್ತೆಯ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅಂಕಿಗಳಲ್ಲಿ ಒಂದೂ ಸುಳ್ಳಲ್ಲ.

ಆದರೆ ಆ ವಾರ ಸೂರ್ಯ ಮುಳುಗದೆ ಸುತ್ತುತ್ತಲೇ ಇದ್ದ, ಗಾಳಿ ಇರಲಿಲ್ಲ. ನೀರಿನ ಬಿಸಿಯನ್ನು ನಾನು ದಿನಕ್ಕೆ ನಾಲ್ಕು ಸಲ ಬರೆದಿಡುತ್ತೇನೆ. ಭಾನುವಾರ ಹದಿನಾರು ಡಿಗ್ರಿ ಇದ್ದದ್ದು ಬುಧವಾರಕ್ಕೆ ಇಪ್ಪತ್ತೊಂದೂವರೆಗೆ ಏರಿತ್ತು. ಅಂಥ ನೀರಿನಲ್ಲಿ ಸಾಲ್ಮನ್ ಮೇಲೇರುವುದಿಲ್ಲ, ತಣ್ಣನೆಯ ಆಳ ಹುಡುಕಿ ನಿಂತುಬಿಡುತ್ತದೆ. ಇಷ್ಟೇ ಆದರೆ ಅದು ನನ್ನ ಊಹೆ ಎನ್ನಬಹುದು. ಹದಿನೈದು ಕಿಲೋಮೀಟರ್ ಕೆಳಗೆ ಇನ್ನೊಂದು ಎಣಿಕೆ ಯಂತ್ರವಿದೆ. ಅಲ್ಲಿ ಯಾರೂ ಒಡ್ಡು ಹಾಕಿಲ್ಲ. ಅಲ್ಲಿನ ಹುಡುಗಿಗೆ ಫೋನ್ ಮಾಡಿ ಅಂಕಿ ಕೇಳಿದೆ. ಅಲ್ಲೂ ಅದೇ ಇಳಿತ. ಇಲ್ಲಿಗಿಂತ ಒಂದು ದಿನ ಮೊದಲೇ ಶುರುವಾಗಿತ್ತು. ಮೀನು ಅತ್ತೆಯ ಒಡ್ಡಿನ ಹತ್ತಿರಕ್ಕೆ ಬಂದೇ ಇರಲಿಲ್ಲ.

ವರದಿ ಬರೆಯಲು ಕೂತೆ. ಎಣಿಕೆ, ಅದರ ಪಕ್ಕ ಬಿಸಿ, ಅದರ ಪಕ್ಕ ಕೆಳಗಿನ ಯಂತ್ರದ ಎಣಿಕೆ. ಇಳಿತಕ್ಕೆ ಒಡ್ಡು ಕಾರಣವಲ್ಲ ಎಂದು ಬರೆದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಕೆಲಸ ಮುಗಿದಿರುತ್ತಿತ್ತು. ಆದರೆ ಕಿಟಕಿಯಾಚೆ ಮಡುವಿನಲ್ಲಿ ಹೈಕಾನ ಅತಿಥಿಯೊಬ್ಬ ಒಂದು ಹೆಣ್ಣು ಮೀನನ್ನು ದಡಕ್ಕೆ ತಂದು, ಮೊಣಕಾಲೂರಿ, ನೀರಿನಲ್ಲಿ ಹಿಡಿದುಕೊಂಡು ಅದು ಚೇತರಿಸಿಕೊಳ್ಳಲೆಂದು ಕಾಯುತ್ತಿದ್ದ. ಒಳ್ಳೆಯ ಮನುಷ್ಯ, ನಿಯಮದಂತೆ ನಡೆಯುತ್ತಿದ್ದ. ಐದು ನಿಮಿಷ ಕಾದು ಕೈಬಿಟ್ಟ. ಮೀನು ಓರೆಯಾಗಿ, ಹೊಟ್ಟೆಯ ಬಿಳುಪು ತೋರಿಸುತ್ತಾ ಕೆಳಕ್ಕೆ ತೇಲಿಹೋಯಿತು. ನನ್ನ ಕೋಷ್ಟಕದ ಪ್ರಕಾರ ಅದು ಸತ್ತಿರಲಿಲ್ಲ.

ವರದಿಗೆ ಇನ್ನೊಂದು ಪುಟ ಸೇರಿಸಿದೆ. ಎರಡು ವರ್ಷದ ಹಿಂದೆ ಆ ಚೌಕವನ್ನು ನಾನು ಖಾಲಿ ಬಿಟ್ಟಿದ್ದೆ, ಸೊನ್ನೆ ನನ್ನದಲ್ಲ, ಆದರೆ ಸೊನ್ನೆಯನ್ನು ಕಂಡೂ ಸುಮ್ಮನಿದ್ದವಳು ನಾನು. ಬೇರೆ ನದಿಗಳಲ್ಲಿ ಅಳೆದವರ ಅಂಕಿಗಳನ್ನು ಕೊಟ್ಟೆ. ನೀರು ಇಪ್ಪತ್ತು ಡಿಗ್ರಿ ದಾಟಿದಾಗ ಗಾಳವನ್ನೂ ನಿಲ್ಲಿಸಬೇಕು, ಹಂಚಿಕೆಯನ್ನು ಮತ್ತೆ ಲೆಕ್ಕ ಹಾಕಬೇಕು ಎಂದು ಬರೆದೆ. ಕಚೇರಿಗೆ ಮಾತ್ರ ಕಳಿಸಬೇಕಿತ್ತು. ಸಮಿತಿಯ ಹನ್ನೊಂದೂ ಜನರಿಗೆ ಕಳಿಸಿದೆ. ಅದು ನನ್ನ ಗುತ್ತಿಗೆಯ ಷರತ್ತಿಗೆ ವಿರುದ್ಧ. ಷರತ್ತನ್ನು ಮತ್ತೊಮ್ಮೆ ಓದಿಕೊಂಡೇ ಕಳಿಸಿದೆ.

ಶುಕ್ರವಾರ ಹನ್ನೊಂದಕ್ಕೆ ಆದೇಶ ಬಂತು. ನೀರು ತಣಿಯುವವರೆಗೆ ಇಡೀ ನದಿಯಲ್ಲಿ ಗಾಳ ಬಂದ್. ಹನ್ನೊಂದೂವರೆಗೆ ಹೈಕಾ ನನ್ನ ಗುಡಿಸಲಿನ ಬಾಗಿಲಲ್ಲಿ ನಿಂತಿದ್ದ.

"ನಿನಗೆ ಈಜು ಕಲಿಸಿದ್ದು ನಾನು," ಎಂದ.

"ಹೌದು ಚಿಕ್ಕಪ್ಪ."

"ಆರು ಜನ ಗಂಟುಮೂಟೆ ಕಟ್ತಿದಾರೆ. ನನ್ನ ಬೇಸಿಗೆ ಹೋಯ್ತು. ನಿನ್ನತ್ತೆಗೋಸ್ಕರ ನನ್ನ ಕತ್ತು ಕುಯ್ದೆ."

"ಅತ್ತೆಗೋಸ್ಕರ ಅಲ್ಲ. ನೀರು ಇಪ್ಪತ್ತೊಂದೂವರೆ ಇದೆ. ಹತ್ತೊಂಬತ್ತಾದ ದಿನ ನಾನೇ ಬರೀತೀನಿ, ಗಾಳ ತೆರೀರಿ ಅಂತ."

"ಹತ್ತೊಂಬತ್ತು! ಮನುಷ್ಯರು ಡಿಗ್ರಿ ನೋಡ್ಕೊಂಡು ರಜಾ ಹಾಕ್ತಾರಾ?" ಅವನು ಬಾಗಿಲ ಚೌಕಟ್ಟಿಗೆ ಅಂಗೈಯಿಂದ ಗುದ್ದಿದ. "ಆಯ್ತು. ನನ್ನ ಗಾಳ ನಿಂತ ಮೇಲೆ ಅವಳ ಒಡ್ಡೂ ನೀರಲ್ಲಿ ಇರಬಾರದು. ನಡಿ."

ಎಸ್ಕಿಲ್ ಆಗಲೇ ಎದುರು ದಡದಲ್ಲಿದ್ದ. ಅತ್ತೆ ಬೆಂಕಿ ಹಚ್ಚಿ ಕಾಫಿ ಇಟ್ಟಿದ್ದಳು. ನಾವಿಬ್ಬರೂ ಬಂದದ್ದನ್ನು ನೋಡಿ ಇನ್ನೆರಡು ಮರದ ಬಟ್ಟಲು ತೆಗೆದಿಟ್ಟಳು.

"ಅಡ್ಡಿ ಅನ್ನೋಕಾಗಲ್ಲ," ಎಂದ ಎಸ್ಕಿಲ್, ನನ್ನ ವರದಿಯನ್ನು ಮಡಚಿ ಹಿಡಿದು. "ಕಚೇರಿಯವರು ಸದ್ಯಕ್ಕೆ ಬಿಟ್ಟುಬಿಡು ಅಂದಿದಾರೆ. ಬೇಸಿಗೆ ಮುಗೀಲಿ ಅಂತ."

ಸದ್ಯಕ್ಕೆ ಬಿಟ್ಟುಬಿಡುವುದೆಂದರೆ ಏನೆಂದು ಅತ್ತೆಗೂ ನನಗೂ ಗೊತ್ತಿತ್ತು. ಏನೂ ಬರೆಯುವುದಿಲ್ಲ. ಆಗಸ್ಟ್ ಮುಗಿಯುತ್ತದೆ, ಐದನೆಯ ಬೇಸಿಗೆಯೂ ಖಾಲಿ ಎಂದು ದಾಖಲಾಗುತ್ತದೆ. ನೀರಿನಲ್ಲಿ ಆರು ಮುಕ್ಕಾಲಿ ನಿಂತಿದ್ದವು ಎಂಬುದು ಎಲ್ಲೂ ಇರುವುದಿಲ್ಲ. ಅತ್ತೆಯ ಮುಖ ಮೊದಲ ಸಲ ಇಳಿಯಿತು. ಕಾಫಿಯ ಪಾತ್ರೆಯನ್ನು ಬೆಂಕಿಯಿಂದ ಇಳಿಸಿದವಳು ಸುರಿಯುವುದನ್ನೇ ಮರೆತಳು.

"ಬಿಟ್ಟುಬಿಡೋದಾ?" ಹೈಕಾ ಕೂಗಿದ. "ನನ್ನ ಗಾಳಕ್ಕೆ ಬೀಗ, ಇವಳ ಒಡ್ಡಿಗೆ ಬಿಡುಗಡೆ? ಇದು ಯಾವ ನ್ಯಾಯ? ಅದು ಮೀನು ಹಿಡಿಯೋ ಸಾಧನ ಸ್ವಾಮಿ! ಮೂರು ತಲೆಮಾರು ಅದರಲ್ಲಿ ಮೀನು ಹಿಡಿದಿದೀವಿ. ನಾನೇ ಹಿಡಿದಿದೀನಿ!"

"ಇನ್ನೊಂದ್ಸಲ ಹೇಳು," ಎಂದಳು ಅತ್ತೆ.

"ಮೀನು ಹಿಡಿಯೋ ಸಾಧನ! ಬಲೆ ಇಲ್ದೇ ಇದ್ರೂ ಅಷ್ಟೇ. ಕೊಂಬೆ ಹೆಣೆದ ಮೇಲೆ ಒಡ್ಡು ಒಡ್ಡೇ. ಕೋವಿಗೆ ಗುಂಡು ಹಾಕಿಲ್ಲ ಅಂದ್ರೆ ಅದು ಊರುಗೋಲಾಗುತ್ತಾ? ದೂರು ಬರ್ಕೊಡ್ತೀನಿ, ಕಾಗದ ಕೊಡಿ."

ಎಸ್ಕಿಲ್ ಅವನನ್ನು ದಿಟ್ಟಿಸಿದ. "ಹೈಕಾ ಅವರೇ, ಲಿಖಿತ ದೂರು ಬಂದ್ರೆ ನಾನು ಕೇಸು ಹಾಕಲೇಬೇಕು. ಯೋಚನೆ ಮಾಡಿ."

"ನನಗೆ ಬರೆಯೋಕೆ ಬರುತ್ತೆ. ಯೋಚನೆ ಮಾಡೋಕೂ ಬರುತ್ತೆ."

ಅವನು ಕಲ್ಲಿನ ಮೇಲೆ ಕಾಗದವಿಟ್ಟು, ನಿಧಾನವಾಗಿ, ದೊಡ್ಡ ಅಕ್ಷರಗಳಲ್ಲಿ ಬರೆದ. ಒಡ್ಡಿನ ಜಾಗದ ಹೆಸರು, ಮನೆತನದ ಹೆಸರು, ಸೋಮವಾರದ ತಾರೀಕು. ಅತ್ತೆಯ ಪೂರ್ತಿ ಹೆಸರು, ಅವಳ ಅಪ್ಪನ ಹೆಸರು ಸಹಿತ. ಸಿಟ್ಟಿನಲ್ಲಿದ್ದವನು ಇಷ್ಟು ಅಚ್ಚುಕಟ್ಟಾಗಿ ಬರೆಯುವುದನ್ನು ನಾನು ಕಂಡಿಲ್ಲ. ಆ ದೂರು ಯಾರಿಗೆ ಲಾಭವೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ನಾನು ಇವತ್ತಿನವರೆಗೂ ಕೇಳಿಲ್ಲ. ಸಹಿ ಹಾಕಿ ಕೊಟ್ಟು, ಅತ್ತೆಯ ಕಡೆ ನೋಡದೆ, ಬಟ್ಟಲಿಗೆ ತಾನೇ ಕಾಫಿ ಸುರಿದುಕೊಂಡ.

ಎಸ್ಕಿಲ್ ಕೇಸು ಬರೆದ. ನಿಷೇಧದ ಕಾಲದಲ್ಲಿ, ತನ್ನ ಹಕ್ಕಿನ ಜಾಗದಲ್ಲಿ, ಮೀನು ಹಿಡಿಯುವ ಒಡ್ಡನ್ನು ಬಳಕೆಗಿಟ್ಟ ಆರೋಪ. ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

"ಓದದೇನೇ ಸಹಿ ಹಾಕ್ತೀನಿ ಅಂದಿದ್ರಿ," ಎಂದ ಎಸ್ಕಿಲ್.

"ಅದು ನೀನು ಬರೆಯಲ್ಲ ಅಂದ್ಕೊಂಡಾಗ," ಎಂದು ಸಹಿ ಹಾಕಿ, ತನ್ನ ಪ್ರತಿಯನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡಳು. "ಈಗೇನು?"

"ಈಗ ಒಡ್ಡನ್ನ ತೆಗೀಬೇಕು."

"ತೆಗಿ."

"ನೀವು ತೆಗೀಬೇಕು."

"ನಾನು ಆರೋಪಿ ಕಣಪ್ಪಾ. ಸಾಕ್ಷಿ ಮುಟ್ಟಬಾರದು." ಅತ್ತೆ ಕಾಲು ಚಾಚಿ ಕೂತು, ಒಣಮಾಂಸದ ತುಂಡೊಂದನ್ನು ಚಾಕುವಿನಿಂದ ಸೀಳಿ ಬಾಯಿಗೆ ಹಾಕಿಕೊಂಡಳು.

ಎಸ್ಕಿಲ್ ನನ್ನನ್ನು ನೋಡಿದ. ಎಣಿಕೆಯವಳು ಒಡ್ಡು ಮುಟ್ಟುವಂತಿಲ್ಲ ಎಂದೆ. ಅವನು ನಿಟ್ಟುಸಿರಿಟ್ಟು ನೀರಿಗಿಳಿದ. ಮೊದಲ ಮುಕ್ಕಾಲಿಯನ್ನು ತಬ್ಬಿ ಅಲ್ಲಾಡಿಸಿದ, ಎತ್ತಿದ, ಕಾಲು ಕೊಟ್ಟು ಒದ್ದ. ಹೊಳೆಯ ತಳದ ಉರುಟುಕಲ್ಲುಗಳ ನಡುವೆ ಅತ್ತೆ ನೆಟ್ಟ ಕಂಬ ಒಂದು ಬೆರಳಷ್ಟೂ ಮಿಸುಕಲಿಲ್ಲ. ಕಾಲು ಗಂಟೆ ಹೀಗೇ ನಡೆಯಿತು. ಹೈಕಾ ಬಟ್ಟಲನ್ನು ಕೆಳಗಿಟ್ಟ, ಎತ್ತಿಕೊಂಡ, ಮತ್ತೆ ಕೆಳಗಿಟ್ಟ.

"ಅಯ್ಯೋ ಮಾರಾಯ, ಹಾಗಲ್ಲ!" ಎಂದು ಕೊನೆಗೂ ಎದ್ದುನಿಂತ. "ನೀರಿಗೆ ಎದುರಾಗಿ ನಿಂತ್ಕೋ. ಮೇಲಿನ ಕಾಲನ್ನ ಮೊದಲು ಸಡಿಲಿಸು. ತಿರುಗಿಸು, ಎಳೀಬೇಡ! ಮುರಿದೀಯ ಜೋಕೆ, ಅದು ಒಳ್ಳೇ ಮರ."

"ನೀನ್ಯಾಕೆ ಹೇಳ್ಕೊಡ್ತೀಯ ಅವನಿಗೆ?" ಎಂದಳು ಅತ್ತೆ.

"ನೋಡೋಕಾಗ್ತಿಲ್ಲ ಅಕ್ಕ."

ಅವನು ಬೂಟು ಬಿಚ್ಚಿ ಪ್ಯಾಂಟಿನಲ್ಲೇ ಇಳಿದ. ಇಬ್ಬರೂ ಸೇರಿ ಮೊದಲನೆಯದನ್ನು ಕಿತ್ತು ದಡಕ್ಕೆ ಎಳೆದು ತರುವಾಗ ಎಸ್ಕಿಲ್ ಜಾರಿ ಕತ್ತಿನವರೆಗೆ ಮುಳುಗಿದ. ಅತ್ತೆ ನಗಲಿಲ್ಲ. ಎದ್ದು ಹೋಗಿ ಕಂಬಗಳನ್ನು ನೆರಳಿಗೆ ಸರಿಸಿ, ಒಣಗಲು ಜೋಡಿಸತೊಡಗಿದಳು.

ನನ್ನ ಫೋನಿಗೆ ಕಚೇರಿಯ ಪತ್ರ ಬಂದಿತ್ತು. ಷರತ್ತು ಮೀರಿದ್ದಕ್ಕೆ ಸಮಜಾಯಿಷಿ ಕೇಳಿದ್ದರು. ಮುಂದಿನ ಬೇಸಿಗೆ ಆ ಗುಡಿಸಲಿನಲ್ಲಿ ಬೇರೆ ಯಾರೋ ಕೂತಿರಬಹುದು. ಅಲ್ಲೇ ನಿಂತು ಉತ್ತರ ಬರೆದೆ: ಅಂಕಿಗಳಲ್ಲಿ ತಪ್ಪಿದ್ದರೆ ತೋರಿಸಿ, ತಿದ್ದುತ್ತೇನೆ, ಕಳಿಸಿದ್ದಕ್ಕೆ ಸಮಜಾಯಿಷಿ ಇಲ್ಲ.

ಹೊಳೆಯಲ್ಲಿ ಇನ್ನೂ ಐದು ಮುಕ್ಕಾಲಿ ಉಳಿದಿದ್ದವು. ಹೈಕಾ ಎರಡನೆಯದರ ಬುಡಕ್ಕೆ ಬಗ್ಗಿ, ಒದ್ದೆ ತಲೆಯೆತ್ತಿ ಕೇಳಿದ, "ಏನಕ್ಕಾ, ಇಷ್ಟು ಗಟ್ಟಿಯಾಗಿ ಹೊಡೆದಿದೀಯ?"

"ಮುಂದಿನ ವರ್ಷ ಏಳು ಹಾಕ್ತೀನಿ," ಎಂದಳು ಅತ್ತೆ, ಕಂಬದ ಹಗ್ಗ ಬಿಚ್ಚುತ್ತಾ. "ಕೆಳಗಿನ ಮಡುವಿನ ಕಡೆಗೆ ಇನ್ನೊಂದು."